ಒಂದೇ ದೈವಕ್ಕೆ ಎರಡು ಹರಕೆ

೧೯೭೧ನೇ ಇಸವಿ. ದೀಪಾವಳಿ ಕಳೆದಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ನಾಲ್ಕೈದು ವರ್ಷ ಅವರಿವರ ತೋಟದ ಲೆಕ್ಕ ಬರೆದುಕೊಂಡಿದ್ದ ನನಗೆ ಆ ವರ್ಷ ಸರಕಾರಿ ಕೆಲಸ ಸಿಕ್ಕಿತು. ಆಲಂಕಾರಿನಿಂದ ಸ್ವಲ್ಪ ದೂರದ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಕೆಲಸ. ಹಳ್ಳಿಯ ಹೆಸರು ಬೇಡ. ಆಗಿನವರು ಕೆಲವರು ಇನ್ನೂ ಅಲ್ಲಿದ್ದಾರೆ.

ಕೆಲಸ ಸಿಕ್ಕಿತು ಎಂದು ಊರೆಲ್ಲ ಹೇಳಿಕೊಂಡು ಬಂದೆವೇ ಹೊರತು ಅದು ನಿಜವಾಗಿ ನನ್ನದಾಗಿರಲಿಲ್ಲ. ಅಲ್ಲಿ ಅಟೆಂಡರ್ ಆಗಿದ್ದ ಕುಶಾಲಪ್ಪ ಎಂಬವರು ಮೊದಲು ಸೈನ್ಯದಲ್ಲಿ ಹೇಸರಗತ್ತೆಗಳ ದಳದಲ್ಲಿದ್ದವರು. ಗುಡ್ಡದ ಮೇಲಿನ ಠಾಣೆಗಳಿಗೆ ಕತ್ತೆಯ ಬೆನ್ನಿನಲ್ಲಿ ಸಾಮಾನು ಸಾಗಿಸುವ ಕೆಲಸ. ಅವಧಿ ಮುಗಿಸಿ ಊರಿಗೆ ಬಂದು, ದನಕರುಗಳನ್ನು ಹಿಡಿದು ಪಳಗಿದ ಕೈ ಎಂದು ಈ ನೌಕರಿಗೆ ಸೇರಿದ್ದರು. ಆದರೆ ಸೈನ್ಯ ಅವರನ್ನು ಪೂರ್ತಿ ಬಿಟ್ಟಿರಲಿಲ್ಲ. ರಿಸರ್ವಿನಲ್ಲಿ ಇಟ್ಟಿತ್ತು. ಅಂದರೆ ಬೇಕಾದಾಗ ಕರೆದರೆ ಎಲ್ಲಿದ್ದರೂ ಹೋಗಬೇಕು. ಆ ವರ್ಷ ಯುದ್ಧದ ಮೋಡ ಕವಿದಿತ್ತಲ್ಲ, ಕರೆ ಬಂತು. ಅವರು ಹಿಂದೆ ಬರುವವರೆಗೆ ಕೆಲಸ ನಡೆಸಲು ಒಬ್ಬ ಜನ ಬೇಕಾಗಿತ್ತು. ಆ ಜನ ನಾನು.

ನಮ್ಮ ಮನೆ ಐವರ್ನಾಡಿನಲ್ಲಿ. ರೈ ಎಂಬ ಹೆಸರಿನ ಭಾರ ಇತ್ತೇ ಹೊರತು ಅದಕ್ಕೆ ತಕ್ಕ ಆಸ್ತಿ ಇರಲಿಲ್ಲ. ತಂದೆ ತೀರಿಕೊಂಡಿದ್ದರು. ಅಮ್ಮ, ಮದುವೆಗೆ ಬಂದ ಇಬ್ಬರು ತಂಗಿಯರು. ಸೋದರಮಾವ ಮೇಲಿನ ಮನೆಯಲ್ಲಿದ್ದುಕೊಂಡು ನಮ್ಮನ್ನು ನೋಡಿಕೊಳ್ಳುತ್ತಿದ್ದರು. ಆ ಸಂಬಳ ಬಂದರೆ ಒಲೆ ಉರಿಯುತ್ತದೆ, ನಿಂತರೆ ನಂದುತ್ತದೆ, ಅಂಥ ಸ್ಥಿತಿ.

ಬೆಳ್ಳಾರೆಯವರೆಗೆ ನಡೆದು, ಬಸ್ಸು ಹಿಡಿದು, ಕುಮಾರಧಾರೆಯನ್ನು ದೋಣಿಯಲ್ಲಿ ದಾಟಿ ಆಸ್ಪತ್ರೆ ಸೇರಿದಾಗ ಕುಶಾಲಪ್ಪಣ್ಣ ಒಂದು ಹೋರಿಯ ಗೊರಸು ತೊಳೆಯುತ್ತಿದ್ದರು. ಗಟ್ಟಿ ಆಳು, ಮೀಸೆಯ ತುದಿಯಲ್ಲಿ ಮಾತ್ರ ಸ್ವಲ್ಪ ಬಿಳಿ. ಹೊರಡುವ ಮೊದಲು ನನಗೆ ಎಲ್ಲ ತೋರಿಸಿಕೊಟ್ಟರು. ದನದ ಬಾಯಿ ತೆರೆಸಿ ಬಿದಿರಿನ ನಾಳದಲ್ಲಿ ಮದ್ದು ಹಾಕುವುದು ಹೇಗೆ, ಕೋಣವನ್ನು ಕಂಬಕ್ಕೆ ಬಿಗಿಯುವಾಗ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು. ನಾನು ಹೆದರಿ ದೂರ ನಿಂತಾಗ ನಕ್ಕರು.

"ಒದೆ ತಿನ್ನದೆ ಈ ಕೆಲಸ ಬರುದಿಲ್ಲ ಮಾರಾಯ. ಆದರೆ ಪೂರಾ ಕಲಿತುಬಿಡ್ಬೇಡ. ನಾನು ಬಂದ ಕೂಡ್ಲೇ ನೀನು ಎದ್ದು ಹೋಗ್ಲಿಕ್ಕುಂಟು."

"ಆಯ್ತಣ್ಣ, ಬೇಗ ಬನ್ನಿ" ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ. ಅಂಥವರ ಎದುರು ನಿಂತಾಗ ಮನಸ್ಸು ಹಾಗೆಯೇ ಹೇಳುತ್ತದೆ.

ಅವರ ಹೆಂಡತಿ ಲೀಲಾವತಿ. ನಾನು ಲೀಲಕ್ಕ ಎನ್ನುತ್ತಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ಸಂಪಾಜೆ ಕಡೆಯ ಗೌಡರ ಮನೆಯವರು. ಮಕ್ಕಳಿರಲಿಲ್ಲ. ಆಸ್ಪತ್ರೆಯ ಹಿಂಬದಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ವಾಸ. ಗಂಡ ಹೋದ ಮರುದಿನ ಅವರು ಅಳು ನುಂಗಿಕೊಂಡು ಡಾಕ್ಟರರ ಎದುರು ಬಂದು ನಿಂತರು. ಮನೆ ಬಿಡಬೇಕಾ ಎಂದು ಕೇಳಿದರು.

ಡಾಕ್ಟರರು ಹಾಸನದ ಕಡೆಯವರು. ನಮ್ಮ ಊರಿನ ಸೆಕೆಗೆ ದಿನವಿಡೀ ಗೊಣಗುತ್ತಿದ್ದರೂ ಮನುಷ್ಯ ಒಳ್ಳೆಯವರು. ಅವರನ್ನು ಕೂರಿಸಿ ನಿಧಾನವಾಗಿ ವಿವರಿಸಿದರು. ಸರಕಾರಿ ನೌಕರ ರಿಸರ್ವಿನ ಕರೆಗೆ ಹೋದರೆ ಅವನ ಹುದ್ದೆ ಅವನದ್ದೇ, ಬೇರೆಯವರಿಗೆ ಖಾಯಂ ಕೊಡುವ ಹಾಗಿಲ್ಲ. ವರ್ಷಕ್ಕೊಮ್ಮೆ ಏರುವ ಸಂಬಳವೂ ತಪ್ಪುವುದಿಲ್ಲ. ಅಲ್ಲಿಯ ಸಂಬಳ ಇಲ್ಲಿಯದಕ್ಕಿಂತ ಕಡಿಮೆಯಾದರೆ ಉಳಿದ ಪಾಲನ್ನು ಇಲಾಖೆಯೇ ಮನೆಯವರ ಕೈಗೆ ಕೊಡುತ್ತದೆ. ಮನೆಯನ್ನಂತೂ ಯಾರೂ ಬಿಡಿಸುವುದಿಲ್ಲ. ಲೀಲಕ್ಕನಿಗೆ ಎಷ್ಟು ಅರ್ಥವಾಯಿತೋ, ಅವರು ಸೆರಗಿನ ತುದಿಯಲ್ಲಿ ಕಣ್ಣೊರೆಸಿ ಒಳಗೆ ಹೋದರು. ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಪೂರ್ತಿ ಅರ್ಥವಾಗಿತ್ತು. ಅವರಿಗೆ ಧೈರ್ಯ ಕೊಡುವ ಪ್ರತಿಯೊಂದು ನಿಯಮವೂ ನನ್ನ ಕೆಲಸ ನಾಲ್ಕು ದಿನದ್ದು ಎಂದು ಹೇಳುವ ನಿಯಮ.

ಅದನ್ನೇ ಆ ಶನಿವಾರ ಮನೆಗೆ ಹೋದಾಗ ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಾಲ್ಕು ದಿನದ್ದನ್ನು ನಲ್ವತ್ತು ವರ್ಷದ್ದು ಮಾಡ್ಲಿಕ್ಕೆ ನಮ್ಮ ದೈವಕ್ಕೆ ಗೊತ್ತುಂಟು" ಎಂದಳು. ಸಂಜೆಯೇ ಮಾವನನ್ನು ಕರೆದುಕೊಂಡು ಕುಟುಂಬದ ದೈವಸ್ಥಾನಕ್ಕೆ ಹೋಗಿ ಹರಕೆ ಹೇಳಿಸಿಕೊಂಡು ಬಂದಳು. ಕೆಲಸ ನಿಂತರೆ, ಅಂದರೆ ಕೈಯಲ್ಲಿ ಉಳಿದರೆ, ದೈವಕ್ಕೆ ಒಂದು ತಂಬಿಲದ ಸೇವೆ, ಒಂದು ಕೋಳಿ. ನಮ್ಮಲ್ಲಿ ಇದು ದಿನಬೆಳಗಾದರೆ ನಡೆಯುವ ಸಂಗತಿ. ದನ ಕಳೆದುಹೋದರೆ ಹರಕೆ, ಮಗುವಿಗೆ ಜ್ವರ ಬಂದರೆ ಹರಕೆ. ನಾನೂ ಅದನ್ನು ದೊಡ್ಡದಾಗಿ ಎಣಿಸಲಿಲ್ಲ.

ನಾನು ಮಲಗುತ್ತಿದ್ದದ್ದು ಆಸ್ಪತ್ರೆಯ ಮದ್ದಿನ ಕೋಣೆಯಲ್ಲಿ. ಒಂದು ವಾರ ನಾನೇ ಬೇಯಿಸಿದ ಅನ್ನ ನೋಡಿ ಲೀಲಕ್ಕನಿಗೆ ಅಯ್ಯೋ ಅನಿಸಿರಬೇಕು. ಒಬ್ಬಳಿಗೆ ಬೇಯಿಸುವುದೂ ಒಂದೇ, ಇಬ್ಬರಿಗೆ ಬೇಯಿಸುವುದೂ ಒಂದೇ ಎಂದರು. ಆಮೇಲೆ ನನ್ನ ಊಟ ಅಲ್ಲೇ. ಊಟದ ಹೊತ್ತಿನಲ್ಲಿ ಅವರಿಗೆ ಬೇರೆ ಮಾತಿಲ್ಲ. ಗಂಡ ಹಿಮದಲ್ಲಿ ಕತ್ತೆ ಹೊಡೆದದ್ದು, ಒಂದು ಕತ್ತೆಗೆ ಇವರ ಹೆಸರನ್ನೇ ಇಟ್ಟು ಆಮೇಲೆ ಬೈಸಿಕೊಂಡದ್ದು. ಬಂದ ಮೇಲೆ ಸೈನ್ಯದ ಕಡೆಯ ಹಣ ಏನಾದರೂ ಸಿಕ್ಕಿದರೆ ಎರಡು ಎಕರೆ ಜಾಗ ಮಾಡಬೇಕೆಂದಿದ್ದದ್ದು. ನಾನು ಹೂಂ ಹೂಂ ಎನ್ನುತ್ತ ಮಜ್ಜಿಗೆ ಸುರಿದುಕೊಳ್ಳುತ್ತಿದ್ದೆ.

ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಡಾಕ್ಟರರ ಮನೆಯ ರೇಡಿಯೋ ಎದುರು ಊರೇ ಬಂದು ಕುಳಿತುಕೊಳ್ಳುತ್ತಿತ್ತು. ಲೀಲಕ್ಕ ಮಾತ್ರ ವಾರ್ತೆ ಕೇಳಲು ಬರುತ್ತಿರಲಿಲ್ಲ. ಅನ್ನ ಬೇಯಿಸಿ ನನಗೆ ಬಡಿಸಿ ತಾವು ಸುಮ್ಮನೆ ಕೂರುತ್ತಿದ್ದರು.

ಅದೇ ವಾರ ಅಮ್ಮ ನನ್ನನ್ನು ನೋಡಲು ಬಂದಳು. ಉಪ್ಪಿನಕಾಯಿ ಭರಣಿಯನ್ನು ಲೀಲಕ್ಕನ ಕೈಗೆ ಕೊಟ್ಟು ಎರಡು ಮಾತಾಡುವಷ್ಟರಲ್ಲಿ ಅವರು ಅಮ್ಮನ ಹೆಗಲಿಗೆ ಒರಗಿ ಅತ್ತುಬಿಟ್ಟರು. ನನ್ನ ಅಮ್ಮನಿಗೆ ಅಳುವವರನ್ನು ಕಂಡರೆ ತಡೆಯುವುದಿಲ್ಲ. ತಲೆ ಸವರಿ, ನಮ್ಮ ದೈವ ನಂಬಿದವರನ್ನು ಕೈಬಿಟ್ಟದ್ದಿಲ್ಲ, ನನ್ನ ಜೊತೆ ಬಾ ಮಗಾ, ಒಂದು ಮಾತು ಹೇಳಿಕೊಳ್ಳುವ ಎಂದು ಮರುದಿನವೇ ಐವರ್ನಾಡಿಗೆ ಕರೆದುಕೊಂಡು ಹೋದಳು. ಅದೇ ದೈವಸ್ಥಾನ, ಅದೇ ಮಾವ. ಈ ಹೆಣ್ಣಿನ ಗಂಡ ಸುಖವಾಗಿ ಹಿಂದಿರುಗಿ ತನ್ನ ಕೆಲಸಕ್ಕೆ ಸೇರಿಕೊಂಡರೆ ದೈವಕ್ಕೆ ಒಂದು ಕಂಚಿನ ಗಂಟೆ ಎಂದು ಮಾವ ಪ್ರಾರ್ಥಿಸಿದರು. ಅಮ್ಮ ಪಕ್ಕದಲ್ಲಿ ನಿಂತು ಮನಸಾರೆ ಕೈ ಮುಗಿದಳು.

ಓದುವವರಿಗೆ ಈಗ ನಗು ಬರಬಹುದು, ಇಲ್ಲವೇ ಸಿಟ್ಟು. ಒಂದೇ ಕುರ್ಚಿಗೆ ಇಬ್ಬರನ್ನು ಕೂರಿಸು ಎಂದು ಒಂದೇ ದೈವದ ಹತ್ತಿರ ಕೇಳಿದ ಹಾಗಾಯಿತಲ್ಲ. ಆದರೆ ಆಣೆ ಮಾಡಿ ಹೇಳುತ್ತೇನೆ, ಅಮ್ಮನಿಗೆ ಅದು ಹೊಳೆಯಲೇ ಇಲ್ಲ. ನನ್ನ ಕೆಲಸ ಅವಳ ಲೆಕ್ಕದಲ್ಲಿ ಮೇಲಿನ ಸಾಹೇಬರುಗಳ ಮನಸ್ಸು ತಿರುಗಿಸಿ ದೈವ ಕೊಡಿಸುವಂಥದ್ದು. ಲೀಲಕ್ಕನ ಗಂಡ ಬರುವುದು ದೈವವೇ ನೇರ ಕೊಡುವಂಥದ್ದು. ಒಂದು ನಡೆದರೆ ಇನ್ನೊಂದು ನಡೆಯದು ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಮಾವನಿಗೂ ಹೊಳೆಯಲಿಲ್ಲ, ಲೀಲಕ್ಕನಿಗೂ ಅಮ್ಮನ ಹರಕೆಯ ವಿಷಯ ಗೊತ್ತಿರಲಿಲ್ಲ.

ಯುದ್ಧ ಬೇಗ ಮುಗಿಯಿತು. ಗೆದ್ದೆವು ಎಂದು ರೇಡಿಯೋದಲ್ಲಿ ಬಂದಾಗ ಶಾಲೆಯ ಮಕ್ಕಳು ಮೆರವಣಿಗೆ ಹೊರಟರು. ಲೀಲಕ್ಕ ಆ ದಿನ ಪಾಯಸ ಮಾಡಿದರು. ಇನ್ನು ಕೆಲವು ದಿನ, ಆಮೇಲೆ ನೀನು ಊರಿಗೆ ಹೋಗಿ ಅಮ್ಮನ ಕೈಯ ಊಟ ಮಾಡಬಹುದು ಎಂದು ನನ್ನನ್ನು ಕೀಟಲೆ ಮಾಡಿದರು. ನಾನೂ ನಕ್ಕೆ. ಮನಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಹುಡುಕುವುದು ಎಂಬ ಚಿಂತೆ ಇತ್ತು, ಇಲ್ಲವೆನ್ನುವುದಿಲ್ಲ.

ಆಮೇಲೆ ಒಂದು ವಾರವಾಗಿರಬಹುದು, ತಂತಿ ಬಂತು. ಪೋಸ್ಟ್‌ಮ್ಯಾನ್ ಅದನ್ನು ನೇರ ಕ್ವಾರ್ಟರ್ಸಿಗೆ ಒಯ್ಯಲು ಹೆದರಿ ಡಾಕ್ಟರರ ಕೈಗೆ ಕೊಟ್ಟ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಮುಖ ನೋಡಿದರು. ನಾವಿಬ್ಬರೂ ಹಿಂಬದಿಗೆ ಹೋದೆವು. ಲೀಲಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದರು. ಡಾಕ್ಟರರು ಬಾಯಿ ತೆರೆಯುವ ಮೊದಲೇ ಅವರಿಗೆ ಗೊತ್ತಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ, ಬಾಲ್ದಿಗೆ ಹಾಕಿ, ಅಲ್ಲೇ ಕುಸಿದರು.

ಗಡಿಯ ಯಾವುದೋ ಜಾಗದಲ್ಲಿ, ಮದ್ದುಗುಂಡು ಹೊತ್ತ ಕತ್ತೆಗಳ ಜೊತೆ ನಡೆಯುವಾಗ ಶೆಲ್ ಬಿದ್ದಿತ್ತಂತೆ. ದೇಹ ಬರಲಿಲ್ಲ. ಆಗೆಲ್ಲ ಹಾಗೆಯೇ, ಅಲ್ಲೇ ಸುಡುತ್ತಿದ್ದರು. ಮುಖ ನೋಡದೆ ಉತ್ತರಕ್ರಿಯೆ ಮಾಡಿದರು. ಅಮ್ಮ ಬಂದು ಹದಿನೈದು ದಿನ ಲೀಲಕ್ಕನ ಜೊತೆಗಿದ್ದಳು. ಹೆತ್ತ ಮಗಳಿಗೆ ಮಾಡುವ ಹಾಗೆ ತಲೆಗೆ ಎಣ್ಣೆ ಹಾಕಿ, ಗಂಜಿ ಕುಡಿಸಿ ನೋಡಿಕೊಂಡಳು.

ಇನ್ನು ಸರಕಾರದ ಕತೆ. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬದುಕಿರುವವರೆಗೆ ಕುಶಾಲಪ್ಪಣ್ಣ ಎರಡು ಕಡೆಗೂ ಬೇಕಾದವರಾಗಿದ್ದರು. ಸತ್ತ ಮೇಲೆ ಎರಡು ಕಡೆಯವರೂ ಅವರು ನಿಮ್ಮವರು, ನೀವು ನೋಡಿಕೊಳ್ಳಿ ಎಂದರು. ಸತ್ತ ದಿನಕ್ಕೆ ಸರಿಯಾಗಿ ಇಲ್ಲಿಯ ಪಾಲಿನ ಸಂಬಳ ನಿಂತಿತು. ಸೈನ್ಯದ ಪಿಂಚಣಿಗೆ ಒಂದರ ಮೇಲೊಂದು ಕಾಗದ ಬೇಕು. ಅದು ಬರುವಾಗ ವರ್ಷ ದಾಟಿತು, ಬಂದದ್ದೂ ಅಷ್ಟಕ್ಕಷ್ಟೆ. ಲೀಲಕ್ಕನಿಗೆ ಅದೇ ಆಸ್ಪತ್ರೆಯಲ್ಲಿ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರರು ಬರೆದರು. ಸೇವೆಯಲ್ಲಿರುವಾಗ ಸತ್ತದ್ದು ಹೌದು, ಆದರೆ ನಮ್ಮ ಸೇವೆಯಲ್ಲಿ ಅಲ್ಲವಲ್ಲ ಎಂದು ಮೇಲಿನಿಂದ ಉತ್ತರ. ಮೇಲಾಗಿ ಕೋಣ ಹಿಡಿಯುವ ಕೆಲಸ ಹೆಂಗಸಿಗೆ ಹೇಗೆ ಎಂಬ ಕೊಕ್ಕೆ. ಡಾಕ್ಟರರು ಮತ್ತೂ ಎರಡು ಸಲ ಬರೆದರು. "ಕಲ್ಲಿಗೆ ನೀರು ಹಾಕ್ದಂಗೆ ಕಣೋ" ಎಂದು ಆಮೇಲೆ ಬಿಟ್ಟರು. ಅವರಿಂದ ಆದದ್ದು ಒಂದೇ, ಲೀಲಕ್ಕನನ್ನು ಆ ಮನೆಯಿಂದ ಎಬ್ಬಿಸಲಿಲ್ಲ. ಮೇಲಿನವರು ಕೇಳಿದಾಗಲೆಲ್ಲ ಏನೋ ಒಂದು ನೆಪ ಹೇಳಿ ದಿನ ದೂಡಿದರು.

ಹೀಗೆ ಎರಡೂವರೆ ವರ್ಷ ಕಳೆಯಿತು. ಲೀಲಕ್ಕ ಬೀಡಿ ಕಟ್ಟಿ ಕೈಖರ್ಚು ನಡೆಸುತ್ತಿದ್ದರು. ನನ್ನ ಊಟ ಅಲ್ಲೇ ನಡೆಯುತ್ತಿತ್ತು. ಹಬ್ಬಕ್ಕೆ ನಾನು ಮನೆಗೆ ಹೋಗುವಾಗ ಅವರನ್ನೂ ಕರೆಯದೆ ಹೋದರೆ ಅಮ್ಮ ಬೈಯುತ್ತಿದ್ದಳು.

೧೯೭೪ರ ಬೇಸಗೆಯಲ್ಲಿ ನನ್ನ ಖಾಯಂ ಆದೇಶ ಬಂತು. ದಿವಂಗತ ಕುಶಾಲಪ್ಪನವರಿಂದ ತೆರವಾದ ಹುದ್ದೆಗೆ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಕಚೇರಿಯ ಕನ್ನಡ ಓದಿ ಓದಿ ಅಭ್ಯಾಸವಾದ ನನಗೆ ಅದು ತಟ್ಟಲೂ ಇಲ್ಲ. ಸಂತೋಷವಾಯಿತು. ದೊಡ್ಡ ತಂಗಿಯ ಮದುವೆ ಇನ್ನು ಮಾಡಬಹುದು ಎಂದು ಅನಿಸಿತು. ಮೊದಲು ಹೇಳಿದ್ದೇ ಲೀಲಕ್ಕನಿಗೆ. ಅವರು ಬೆಲ್ಲದ ಡಬ್ಬಿ ತೆಗೆದು ಒಂದು ತುಂಡನ್ನು ನನ್ನ ಬಾಯಿಗೆ ಹಾಕಿದರು. "ಇನ್ನು ಈ ಮನೆ ನಿಂಗೆ ಬರ್ತದೆ. ನಾನು ಸಾಮಾನು ಕಟ್ಟುದಾ?" ಎಂದರು. ನಿಧಾನ ಮಾಡಿ, ಅಂಥ ಅವಸರ ಏನಿಲ್ಲ ಎಂದೆ.

ಅಮ್ಮನಿಗೆ ಮಾತ್ರ ಅವಸರ. ಹೇಳಿಕೊಂಡ ಹರಕೆ ಉಳಿಸಿಕೊಳ್ಳಬಾರದು, ತಡವಾದರೆ ದೋಷ. ಹುಣ್ಣಿಮೆಯ ಆಚೆಗೆ ಒಂದು ದಿನ ತಂಬಿಲಕ್ಕೆ ಗೊತ್ತು ಮಾಡಿದಳು. ಲೀಲಕ್ಕನನ್ನು ಕರೆತರಲು ಕಟ್ಟಪ್ಪಣೆ. ನನ್ನಂಥವಳು ಬರಬಹುದಾ ಎಂದು ಅವರು ಹಿಂಜರಿದಾಗ, ದೈವದ ಎದುರು ಮುತ್ತೈದೆ ಯಾರು, ಅಲ್ಲದವಳು ಯಾರು, ಬಂದು ಗಂಧಪ್ರಸಾದ ತೆಗೆದುಕೊಂಡರೆ ಮನಸ್ಸಿಗಾದರೂ ಸಮಾಧಾನ ಆಗುತ್ತದೆ ಎಂದು ಹೇಳಿಕಳುಹಿಸಿದಳು. ಲೀಲಕ್ಕ ಒಂದು ತೆಂಗಿನಕಾಯಿ, ಎರಡು ಚೆಂಡು ಮಲ್ಲಿಗೆ ಹಿಡಿದುಕೊಂಡು ನನ್ನ ಜೊತೆ ಹೊರಟರು.

ತಂಬಿಲ ಎಂದರೆ ವೇಷ ಕಟ್ಟಿ ಕುಣಿಯುವ ದೊಡ್ಡ ಕೋಲದ ಹಾಗೆ ಅಲ್ಲ. ಮನೆಯವರು, ನೆಂಟರು, ನೆರೆಕರೆಯ ನಾಲ್ಕು ಜನ. ಮಧ್ಯಾಹ್ನ ದೈವಸ್ಥಾನದ ಎದುರು ಸೇರಿದೆವು. ಬಾಳೆಲೆಯಲ್ಲಿ ಅವಲಕ್ಕಿ, ಹುರಿದ ಭತ್ತದ ಹೊದಳು, ಎಳನೀರು. ಪಾತ್ರಿಗೆ ದರ್ಶನ ಬಂತು. ಪಾತ್ರಿ ಎಂದರೆ ಯಾರ ಮೈಮೇಲೆ ದೈವ ಬಂದು ಮಾತಾಡುತ್ತದೋ ಅವರು. ನಮ್ಮಲ್ಲಿ ಹರಕೆ ಒಪ್ಪಿಸುವುದಕ್ಕೆ ಒಂದು ಕ್ರಮ ಉಂಟು. ಮನೆಯ ಯಜಮಾನ ದೈವದ ಎದುರು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಯಾರ ಹರಕೆ, ಯಾವ ಕಷ್ಟಕ್ಕೆ ಹೇಳಿಕೊಂಡದ್ದು, ಏನಾಗಲಿ ಎಂದು ಬೇಡಿದ್ದು. ಆವತ್ತು ಹೇಳಿಕೊಂಡ ಮಾತನ್ನೇ ಹೇಳಬೇಕು, ಸೇರಿಸುವಂತಿಲ್ಲ, ಬಿಡುವಂತಿಲ್ಲ. ಮಾವ ಕ್ರಮ ತಪ್ಪದ ಮನುಷ್ಯ.

ಅವರು ತುಳುವಿನಲ್ಲಿ ಹೇಳಿದ್ದು ಹೀಗೆ. ನನ್ನ ತಂಗಿಯ ಮಗ ಜಯರಾಮನಿಗೆ ಒಂದು ಕೆಲಸ ಸಿಕ್ಕಿತ್ತು. ಅದು ಯುದ್ಧಕ್ಕೆ ಹೋದ ಒಬ್ಬರ ಕೆಲಸ, ಅವರು ಹಿಂದೆ ಬಂದರೆ ಬಿಟ್ಟುಕೊಡಬೇಕಾದ ಕೆಲಸ. ಅದು ಅವನ ಕೈ ತಪ್ಪಬಾರದು, ಅವನಿಗೇ ನಿಲ್ಲಬೇಕು ಎಂದು ಈ ತಾಯಿ ನಿನ್ನನ್ನು ಬೇಡಿಕೊಂಡಿದ್ದಳು. ನೀನು ನಡೆಸಿಕೊಟ್ಟಿದ್ದೀ. ಅವಳ ಹರಕೆಯನ್ನು ಒಪ್ಪಿಕೊಳ್ಳಬೇಕು.

ಮಾವ ಹೇಳುತ್ತಿದ್ದ ಹಾಗೆಯೇ ನನ್ನ ಕಿವಿ ಬಿಸಿಯಾಯಿತು. ನಾನು ಲೀಲಕ್ಕನ ಕಡೆ ನೋಡಲಿಲ್ಲ, ನೋಡಲು ಆಗಲಿಲ್ಲ. ಇಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡೆ. ಪಾತ್ರಿ ಕೈಯಲ್ಲಿದ್ದ ಕತ್ತಿಯನ್ನು ನೆಲಕ್ಕೆ ಊರಿ, ಅಮ್ಮನ ಕಡೆ ತಿರುಗಿ, ಅಭಯ ಕೊಡುವ ದನಿಯಲ್ಲಿ ನುಡಿಯಿತು.

"ನಂಬಿ ಕೇಳಿದ್ದೀ. ಮಗನ ದಾರಿಗೆ ಅಡ್ಡ ಇದ್ದದ್ದನ್ನು ತೆಗೆದು ಕೊಟ್ಟಿದ್ದೇನೆ. ಸಂತೋಷ ಆಯಿತಲ್ಲ?"

ದೈವದ ನುಡಿಗಳು ಹಾಗೆಯೇ ಇರುತ್ತವೆ. ಅಡ್ಡಿ ತೆಗೆದೆ, ಎಡರು ನೀಗಿದೆ ಎಂದು ಎಲ್ಲರಿಗೂ ಹೇಳುವುದು ಅದನ್ನೇ. ಆದರೆ ಆ ದಿನ ಅಲ್ಲಿ ನಿಂತವರಿಗೆಲ್ಲ ಆ ಅಡ್ಡ ಇದ್ದದ್ದು ಯಾರು ಎಂದು ಗೊತ್ತಿತ್ತು. ಅಮ್ಮ ಕೈ ಮುಗಿದುಕೊಂಡೇ ನಿಂತಿದ್ದಳು. ಅವಳಿಗೂ ಆ ಕ್ಷಣವೇ ತಿಳಿದದ್ದು. ಮುಖ ಬೂದಿಯ ಹಾಗಾಯಿತು.

ಹಿಂದಿನ ಸಾಲಿನಲ್ಲಿದ್ದ ಲೀಲಕ್ಕ ಎದುರು ಬಂದರು. ದನಿ ಏರಿಸಲಿಲ್ಲ. ಮಲ್ಲಿಗೆ ಇನ್ನೂ ಕೈಯಲ್ಲೇ ಇತ್ತು.

"ನಾನೂ ಇಲ್ಲೇ ನಿಂತು ಕೇಳಿಕೊಂಡಿದ್ದೆ. ಅವರು ಬರ್ಲಿ ಅಂತ. ನನ್ನದು ನಿಮಗೆ ಕೇಳ್ಳಿಲ್ಲವಾ?"

ದೈವ ಏನು ಹೇಳುತ್ತದೆ ಎಂದು ನಾವೆಲ್ಲ ಕಾದೆವು. ಪಾತ್ರಿ ಸ್ವಲ್ಪ ಹೊತ್ತು ಅವರನ್ನು ನೋಡುತ್ತ ನಿಂತಿತು. ಮೈಯ ನಡುಕ ನಿಧಾನವಾಗಿ ಕಡಿಮೆಯಾಯಿತು. ಕೈಯ ಕತ್ತಿ ಕೆಳಗಾಯಿತು. ದರ್ಶನ ಇಳಿಯಿತು. ಅಲ್ಲಿ ಉಳಿದದ್ದು ಬೆವರಿದ, ದಣಿದ ಒಬ್ಬ ಮನುಷ್ಯ, ನೀರು ಕೇಳುತ್ತಿದ್ದ.

ದೈವ ಉತ್ತರ ಕೊಡದೆ ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೋಳಿ ಕೊಯ್ದು ಪದಾರ್ಥ ಆಯಿತು. ಹರಕೆಯ ಊಟವನ್ನು ಬಂದವರು ಬಿಟ್ಟು ಹೋಗಬಾರದು. ಲೀಲಕ್ಕ ಹೋಗಲಿಲ್ಲ. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತರು. ಬಡಿಸುತ್ತ ಬಂದ ಅಮ್ಮ ಅವರ ಎಲೆಯ ಮುಂದೆ ನಿಂತು ಸೌಟು ಎತ್ತಿದಳು. ಲೀಲಕ್ಕ ತಲೆ ಎತ್ತದೆ, ಸಾಕು ಎಂದು ಕೈ ಅಡ್ಡ ಹಿಡಿದರು. ಬಡಿಸಿದಷ್ಟನ್ನು ಉಂಡರು.

ಹಿಂದೆ ಬರುವಾಗ ದೋಣಿಯಲ್ಲಿ ನಾನು ಏನೋ ಹೇಳಲು ಹೋದೆ. ಅಮ್ಮ ಬೇಕೆಂದು ಹಾಗೆ ಹೇಳಿಕೊಂಡದ್ದಲ್ಲ ಎಂದೆ. ಗೊತ್ತುಂಟು ಎಂದರು ಲೀಲಕ್ಕ. ಅಷ್ಟೆ. ಮರುವಾರ ಕ್ವಾರ್ಟರ್ಸ್ ಬಿಟ್ಟು ಸಂಪಾಜೆಗೆ ಅಣ್ಣನ ಮನೆಗೆ ಹೋದರು. ನೆಲ ಸಾರಿಸಿ, ಒಲೆ ಬಳಿದು, ಕೀಲಿಕೈಯನ್ನು ಡಾಕ್ಟರರ ಕೈಗೆ ಕೊಟ್ಟು ಹೋದರು. ಆ ಮನೆಗೆ ನಾನು ಬಂದೆ. ತಂಗಿಯರ ಮದುವೆಯಾಯಿತು, ನನ್ನ ಮದುವೆಯಾಯಿತು, ಮಕ್ಕಳಾದರು. ಅಮ್ಮ ಮಾತ್ರ ಆ ಮನೆಯೊಳಗೆ ಒಮ್ಮೆಯೂ ಕಾಲಿಡಲಿಲ್ಲ. ಮೊಮ್ಮಗನನ್ನು ನೋಡಲು ಬಂದಾಗಲೂ ಆಸ್ಪತ್ರೆಯ ಜಗಲಿಯಲ್ಲಿ ಕೂತು, ಮಗುವನ್ನು ಅಲ್ಲಿಗೇ ತರಿಸಿಕೊಂಡಳು.

ಅಮ್ಮ ಆಮೇಲೆ ಬೇರೆಯೇ ಹೆಂಗಸಾದಳು. ಬಾಯಿ ತುಂಬ ಮಾತಾಡುತ್ತಿದ್ದವಳು ಮೌನಿಯಾದಳು. ಆಗಾಗ ಕೆಲಸ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು. ನಾನು ಹೇಳಿಕೊಂಡದ್ದಕ್ಕೇ ಹಾಗಾಯಿತಾ? ಛೆ, ಯುದ್ಧದಲ್ಲಿ ಸತ್ತವರು ಅವರೊಬ್ಬರೇ ಅಲ್ಲವಲ್ಲ ಎಂದು ನಾನು ಹೇಳುತ್ತಿದ್ದೆ. ದೈವ ಯಾರನ್ನೂ ಕೊಲ್ಲುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ತಂಗಿಯರು ಬೇರೆ ಮಾತು ತೆಗೆಯುತ್ತಿದ್ದರು. ಅಮ್ಮ ತಲೆಯಾಡಿಸುತ್ತಿದ್ದಳು, ನಂಬುತ್ತಿರಲಿಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ.

೧೯೮೪ರಲ್ಲಿ ಅಮ್ಮ ಮಲಗಿದಳು. ಹೊಟ್ಟೆಯಲ್ಲಿ ಗಡ್ಡೆ, ಪುತ್ತೂರಿನ ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿ ಎಂದರು. ಯಾರನ್ನಾದರೂ ನೋಡಬೇಕಾ ಎಂದು ಕೇಳಿದಾಗ ಲೀಲಕ್ಕನ ಹೆಸರು ಹೇಳಿದಳು. ನಾನೇ ಹೋದೆ. ಅವರು ಆಗ ಒಂದು ಬಾಲವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ ಕೆಲಸದಲ್ಲಿದ್ದರು. ಆ ವಯಸ್ಸಿಗೇ ಕೂದಲು ಪೂರ್ತಿ ಹಣ್ಣಾಗಿತ್ತು. ಬರುತ್ತಾರೋ ಇಲ್ಲವೋ ಎಂಬ ಅನುಮಾನದಲ್ಲೇ ಹೇಳಿದೆ. ಅವರು ಕೈ ತೊಳೆದು, ಚಪ್ಪಲಿ ಮೆಟ್ಟಿ, ನನ್ನ ಜೊತೆ ಬಸ್ಸು ಹತ್ತಿದರು.

ದಾರಿಯಲ್ಲಿ ನಾನು ಅವರಿಗೆ ಒಂದು ಮಾತು ಹೇಳಿದ್ದೆ. ಅಮ್ಮ ಹೀಗೊಂದು ಕೇಳಬಹುದು, ಇಲ್ಲ ಎಂದುಬಿಡಿ, ಅವಳು ಸಮಾಧಾನದಲ್ಲಿ ಹೋಗಲಿ.

ಅಮ್ಮ ಅವರನ್ನು ಕಂಡು ಎದ್ದು ಕೂರಲು ನೋಡಿದಳು. ಲೀಲಕ್ಕ ಹಿಡಿದು ಮಲಗಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತ ಹಾಗೆಯೇ ಅಮ್ಮ ಕೇಳಿಬಿಟ್ಟಳು.

"ಲೀಲಾ, ನಾನು ಹೇಳಿಕೊಂಡದ್ದಕ್ಕೇ ಹಾಗಾದದ್ದಾ?"

ನಾನು ಬಾಗಿಲಲ್ಲಿ ನಿಂತು, ಇಲ್ಲ ಎನ್ನಿ ಎಂದು ಕೈಸನ್ನೆ ಮಾಡಿದೆ. ಲೀಲಕ್ಕ ಅದನ್ನು ಕಂಡರು. ಕಂಡು ಮುಖ ಆಚೆ ತಿರುಗಿಸಿದರು.

"ನಂಗೆ ಗೊತ್ತಿಲ್ಲ ಅಮ್ಮಾ. ಅಲ್ಲ ಅಂತ ಹೇಳಿದ್ರೆ ದೈವ ಸುಳ್ಳು ಹೇಳಿದ ಹಾಗೆ ಆಗ್ತದೆ. ಹೌದು ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ. ನಾನು ದಿನಾ ಯೋಚನೆ ಮಾಡುದೇ ಅದನ್ನು."

"ನಾನೂ" ಎಂದಳು ಅಮ್ಮ.

ಆಮೇಲೆ ಲೀಲಕ್ಕ ಅಮ್ಮನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಸಂಜೆಯ ಬಸ್ಸಿನವರೆಗೂ ಕೂತಿದ್ದರು. ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಅದರ ನಂತರ ಆ ಪ್ರಶ್ನೆಯನ್ನು ಅವಳು ಯಾರ ಹತ್ತಿರವೂ ಕೇಳಲಿಲ್ಲ. ಹತ್ತು ಹನ್ನೆರಡು ದಿನದಲ್ಲಿ ತೀರಿಕೊಂಡಳು.

ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಲೀಲಕ್ಕನ ಮೇಲೆ ತುಂಬ ದಿನ ಸಿಟ್ಟಿತ್ತು. ಈಗ ಇಲ್ಲ. ಹತ್ತು ವರ್ಷ ನಾವೆಲ್ಲ ಸೇರಿ ಅಮ್ಮನಿಗೆ ಸಮಾಧಾನ ಹೇಳಿದೆವು, ಆ ಭಾರವನ್ನು ಅವಳೊಬ್ಬಳೇ ಹೊತ್ತಳು. ಅವಳ ಜೊತೆ ಹೊತ್ತವರು ಲೀಲಕ್ಕ ಒಬ್ಬರೇ ಎಂದು ಆ ದಿನ ಅವಳಿಗೆ ತಿಳಿಯಿತು. ಅದು ಸಮಾಧಾನವೋ ಅಲ್ಲವೋ, ಹೇಳಲಾರೆ.

ಲೀಲಕ್ಕನೂ ಈಗ ಇಲ್ಲ. ನಾನು ನಿವೃತ್ತನಾಗಿ ಸರಕಾರದ ಪಿಂಚಣಿ ಉಣ್ಣುತ್ತಿದ್ದೇನೆ. ಪುಣ್ಯವಂತ ಎಂದು ಜನ ಹೇಳುತ್ತಾರೆ. ವರ್ಷಕ್ಕೊಮ್ಮೆ ಕುಟುಂಬದ ದೈವಸ್ಥಾನಕ್ಕೆ ಹೋಗುತ್ತೇನೆ, ಎಲ್ಲರ ಜೊತೆ ನಿಂತು ಕೈ ಮುಗಿಯುತ್ತೇನೆ. ಹೆಂಡತಿಗೆ ಕಾಯಿಲೆಯಾದಾಗಲೂ, ಮಗ ಕೆಲಸ ಸಿಗದೆ ಕೂತಿದ್ದಾಗಲೂ ಅಲ್ಲಿ ಬಾಯಿ ತೆರೆದು ಏನನ್ನೂ ಕೇಳಲಿಲ್ಲ. ನಂಬಿಕೆ ಇಲ್ಲದೆ ಅಲ್ಲ. ದೈವ ಕೊಟ್ಟುಬಿಟ್ಟರೆ ಅದನ್ನು ಯಾರ ಕೈಯಿಂದ ತೆಗೆದು ಕೊಡುತ್ತದೋ ಎಂದು ನನಗೆ ಭಯ.